ಆಫೆನ್ಸಿವ್ ಲೈನ್‌ಮನ್ ಅಂದ್ರೆ ಯಾರು, ಏನ್ ಮಾಡ್ತಾರೆ, ಎಷ್ಟು ದಿನ ಆಡ್ತಾರೆ? ಜೇಸನ್ ಕೆಲ್ಸಿ ಕಥೆ ಇಟ್ಕೊಂಡು ಪದೇ ಪದೇ ಕೇಳೋ ಪ್ರಶ್ನೆಗಳಿಗೆ ಉತ್ತರ

ನಾವಿರೋದು ಫಿಲಡೆಲ್ಫಿಯಾ ಹತ್ರ. ಸೆಪ್ಟೆಂಬರ್ ಬಂತು ಅಂದ್ರೆ ಭಾನುವಾರ ನಮ್ಮನೆ ಟೀವಿಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್ ಮ್ಯಾಚ್ ಇದ್ದೇ ಇರುತ್ತೆ, ಊಟಕ್ಕೆ ಬಂದೋರು, ಊರಿಂದ ಫೋನ್ ಮಾಡಿದ ಅಣ್ಣ, ಇಲ್ಲಿಗೆ ಹೊಸದಾಗಿ ಬಂದಿರೋ ಹುಡುಗ್ರು, ಎಲ್ರೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನ ಕೇಳ್ತಾರೆ. ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್ ಬಗ್ಗೆ ಹೇಳೋಕೆ ಸಾವಿರ ಜನ ಇದ್ದಾರೆ, ಅವನ ಮುಂದೆ ಬಗ್ಗಿ ನಿಲ್ಲೋ ಐದು ಜನ ಆಫೆನ್ಸಿವ್ ಲೈನ್‌ಮನ್‌ಗಳ ಬಗ್ಗೆ ಕನ್ನಡದಲ್ಲಿ ಹೇಳೋರು ಕಮ್ಮಿ, ಅದಕ್ಕೆ ಈಗಲ್ಸ್‌ಗೆ ಆಡ್ತಿದ್ದ ಜೇಸನ್ ಕೆಲ್ಸಿನ ಇಟ್ಕೊಂಡು ಇಷ್ಟುದ್ದ ಬರ್ದಿದೀನಿ.

## ಈಗಷ್ಟೇ ನೋಡೋಕೆ ಶುರು ಮಾಡಿದೋರಿಗೆ

ಬಾಲ್ ಹಿಡಿಯಲ್ಲ, ಎಸೆಯಲ್ಲ, ಓಡಲ್ಲ. ಹಂಗಾದ್ರೆ ಈ ಲೈನ್‌ಮನ್‌ಗಳು ಮಾಡೋದಾದ್ರೂ ಏನು?

ಬಾಲ್ ಇರೋ ತಂಡಕ್ಕೆ ನಾಲ್ಕು ಚಾನ್ಸ್ ಒಳಗೆ ಹತ್ತು ಯಾರ್ಡ್ ಮುಂದೆ ಹೋಗ್ಬೇಕು ಅನ್ನೋದು ಆಟದ ಮೂಲ. ಎದುರಾಳಿಗಳು ಕ್ವಾರ್ಟರ್‌ಬ್ಯಾಕ್‌ನ ಕೆಡವೋಕೆ ನುಗ್ಗಿ ಬರ್ತಾರೆ, ಅವರನ್ನ ಎರಡೂವರೆ ಮೂರು ಸೆಕೆಂಡು ತಡೆದು ನಿಲ್ಸೋದು ಈ ಐದು ಜನ. ಬಾಲ್ ಎತ್ಕೊಂಡು ಓಡೋ ಆಟ ಆದ್ರೆ, ಎದುರಿನವರನ್ನ ತಳ್ಳಿ ಓಡೋಕೆ ದಾರಿ ಮಾಡ್ಕೊಡೋದೂ ಇವರೇ. ರೂಲ್ಸ್ ಪ್ರಕಾರ ಇವರ ಜರ್ಸಿ ನಂಬರ್ 50ರಿಂದ 79ರ ಒಳಗೆ ಇರ್ಬೇಕು, ಮುಂದಕ್ಕೆ ಎಸೆದ ಪಾಸ್ ಹಿಡಿಯೋ ಹಾಗಿಲ್ಲ, ರೆಫರಿಗೆ ಮೊದಲೇ ಹೇಳಿ ಪರ್ಮಿಷನ್ ತಗೊಂಡಿದ್ರೆ ಮಾತ್ರ ಓಕೆ.

ಐದು ಜನಾನೂ ಒಂದೇ ಕೆಲ್ಸ ಮಾಡ್ತಾರಾ?

ಇಲ್ಲ. ಮಧ್ಯದಲ್ಲಿ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಹೊರಗಡೆ ಎರಡು ತುದೀಲಿ ಟ್ಯಾಕಲ್. ಟ್ಯಾಕಲ್‌ಗಳು ಎತ್ತರ ಇರ್ತಾರೆ, ಕೈ ಉದ್ದ ಇರುತ್ತೆ, ಯಾಕಂದ್ರೆ ತುಂಬಾ ಸ್ಪೀಡಾಗಿ ಸುತ್ತಿ ಬರೋ ಆಟಗಾರರನ್ನ ಅವರು ತಡೀಬೇಕು. ಬಲಗೈಲಿ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆ ಬೆನ್ನ ಹಿಂದೆ ಬರೋದು ಕಾಣ್ಸಲ್ಲ, ಅದಕ್ಕೆ ಲೆಫ್ಟ್ ಟ್ಯಾಕಲ್‌ಗೆ ಅಷ್ಟು ಬೆಲೆ. ಗಾರ್ಡ್‌ಗಳದ್ದು ಒಳಗಿನ ಜಗಳ, ಎದುರಿಗೆ 140 ಕೆಜಿ ಮನುಷ್ಯ ಎದೆಗೇ ಗುದ್ದುತ್ತಾನೆ. ಸೆಂಟರ್ ಎಲ್ಲಕ್ಕಿಂತ ಬೇರೆ, ಪ್ರತಿ ಸಲ ಬಾಲ್ ಅವನ ಕೈಯಿಂದಾನೇ ಶುರು ಆಗೋದು. ಕಾಲಿನ ಮಧ್ಯದಿಂದ ಹಿಂದಕ್ಕೆ ಬಾಲ್ ಕೊಡ್ತಾನಲ್ಲ, ಅದಕ್ಕೆ ಸ್ನ್ಯಾಪ್ ಅಂತಾರೆ. ಬಾಲ್ ಬಿಟ್ಟ ಕ್ಷಣಕ್ಕೇ ಎದುರಿನವನು ಮೈಮೇಲೆ ಬಂದಿರ್ತಾನೆ, ಇವನ ಒಂದು ಕೈ ಇನ್ನೂ ಹಿಂದೇನೇ ಇರುತ್ತೆ.

ಇಷ್ಟೊಂದು ಆಟಗಾರರಿದ್ದಾರೆ, ನೀವ್ಯಾಕೆ ಜೇಸನ್ ಕೆಲ್ಸಿ ಕೆಲ್ಸಿ ಅಂತೀರಾ?

2016ರ ಚಳಿಗಾಲದಲ್ಲಿ ಆಫೀಸಿನ ಗೆಳೆಯರೊಬ್ರು ನನ್ನನ್ನ ಈಗಲ್ಸ್ ಸ್ಟೇಡಿಯಂ ಲಿಂಕನ್ ಫೈನಾನ್ಶಿಯಲ್ ಫೀಲ್ಡ್‌ಗೆ ಕರ್ಕೊಂಡು ಹೋಗಿದ್ರು. ಮೇಲಿನ ಸೀಟು, ಗಾಳಿಗೆ ಬೆರಳು ಮರಗಟ್ಟಿತ್ತು, ಬಾಲ್ ಎಲ್ಲಿದೆ ಅಂತ ಹುಡುಕೋದ್ರಲ್ಲೇ ಅರ್ಧ ಆಟ ಹೋಯ್ತು. ಆಗ ಅವರು ಬೈನಾಕ್ಯುಲರ್ ಕೈಗೆ ಕೊಟ್ಟು, ಬಾಲ್ ಬಿಡು, ಇನ್ನು ಹದಿನೈದು ನಿಮಿಷ ಆ 62ನೇ ನಂಬರ್ ಒಬ್ಬನ್ನೇ ನೋಡು ಅಂದ್ರು. ಅದು ಈಗಲ್ಸ್ ಸೆಂಟರ್ ಕೆಲ್ಸಿ. ನೋಡ್ದೆ. ಬಾಲ್ ಮೇಲೆ ಬಗ್ಗಿದ ಮನುಷ್ಯ ತಲೆ ಎತ್ತಿ ಎದುರಿನವರನ್ನ ಎಣಿಸ್ತಾನೆ, ಬೆರಳು ತೋರ್ಸಿ ಏನೋ ಕೂಗ್ತಾನೆ, ಪಕ್ಕದ ಇಬ್ರೂ ಒಂದೊಂದು ಇಂಚು ಸರೀತಾರೆ, ಸ್ನ್ಯಾಪ್ ಕೊಟ್ಟ ತಕ್ಷಣ ಎದುರಿನವನಿಗೆ ಒಂದು ಭುಜ ಕೊಟ್ಟು ಅವನನ್ನ ಗಾರ್ಡ್‌ಗೆ ಒಪ್ಪಿಸಿ, ಅಷ್ಟು ದೊಡ್ಡ ಮೈ ಇಟ್ಕೊಂಡು ಪಕ್ಕಕ್ಕೆ ತಿರುಗಿ ಹೊರಗಡೆ ಓಡ್ತಾನೆ, ಹಿಂದೆ ಬಾಲ್ ಹಿಡ್ದು ಬರೋನಿಗೆ ಮುಂದೆ ಅಡ್ಡ ಬಂದೋನನ್ನ ಕೆಡವ್ತಾನೆ. ಸ್ಟೇಡಿಯಂ ಎಲ್ಲ ಓಡಿದವನ ಹೆಸ್ರು ಕೂಗ್ತು. ನಂಗೆ ಮಾತ್ರ ಆವತ್ತಿಂದ ಈ ಆಟ ಬೇರೆ ತರಾನೇ ಕಾಣ್ಸೋಕೆ ಶುರು ಆಯ್ತು.

ಅಭಿಮಾನ ಪಕ್ಕಕ್ಕಿಟ್ರೂ ಲೆಕ್ಕ ಇದೆ. 2011ರಿಂದ 2023ರ ಸೀಸನ್‌ವರೆಗೆ 13 ವರ್ಷ, ಒಂದೇ ತಂಡ, ಏಳು ಸಲ ಪ್ರೋ ಬೌಲ್, ಆರು ಸಲ ಫಸ್ಟ್ ಟೀಮ್ ಆಲ್-ಪ್ರೋ, ಎರಡೂ ಆ ವರ್ಷದ ಒಳ್ಳೇ ಆಟಗಾರರನ್ನ ವೋಟ್ ಹಾಕಿ ಆರ್ಸೋ ಪಟ್ಟಿ.

ಟೇಲರ್ ಸ್ವಿಫ್ಟ್ ಜೊತೆ ಕಾಣ್ಸೋ ಕೆಲ್ಸಿ ಇವರೇನಾ?

ಅವರು ತಮ್ಮ, ಟ್ರಾವಿಸ್ ಕೆಲ್ಸಿ, ಕಾನ್ಸಾಸ್ ಸಿಟಿ ಚೀಫ್ಸ್ ತಂಡದ ಟೈಟ್ ಎಂಡ್, ಅಂದ್ರೆ ಲೈನ್ ಪಕ್ಕ ನಿಂತು ತಡೆಯೋದೂ ಪಾಸ್ ಹಿಡಿಯೋದೂ ಎರಡೂ ಮಾಡೋರು. ಜೇಸನ್ ಅಣ್ಣ. ಇಬ್ರೂ ಒಹಾಯೋದ ಕ್ಲೀವ್‌ಲ್ಯಾಂಡ್ ಹೈಟ್ಸ್‌ನಲ್ಲಿ ಬೆಳೆದೋರು, ಇಬ್ರೂ ಸಿನ್ಸಿನಾಟಿ ಯೂನಿವರ್ಸಿಟಿಗೆ ಆಡಿದೋರು. 2023ರ ಫೆಬ್ರವರಿ 12ಕ್ಕೆ ಅರಿಝೋನಾದ ಗ್ಲೆಂಡೇಲ್‌ನಲ್ಲಿ ನಡೆದ ಸೀಸನ್ ಫೈನಲ್, ಅಂದ್ರೆ ಸೂಪರ್ ಬೌಲ್‌ನಲ್ಲಿ ಅಣ್ಣ ಒಂದ್ಕಡೆ, ತಮ್ಮ ಇನ್ನೊಂದ್ಕಡೆ. ಸೂಪರ್ ಬೌಲ್‌ನಲ್ಲಿ ಒಡಹುಟ್ಟಿದೋರು ಎದುರುಬದುರು ಆಡಿದ್ದು ಅದೇ ಮೊದಲು. ಅಮ್ಮ ಡೊನ್ನಾ ಎರಡೂ ತಂಡದ ಬಣ್ಣ ಅರ್ಧರ್ಧ ಸೇರ್ಸಿ ಹೊಲಿಸಿದ ಜಾಕೆಟ್ ಹಾಕ್ಕೊಂಡು ಬಂದಿದ್ರು. ಚೀಫ್ಸ್ 38-35ರಲ್ಲಿ ಗೆದ್ರು. ಇನ್ನೂ ಒಂದು ವಿಷ್ಯ ಇದೆ, ಚೀಫ್ಸ್ ಕೋಚ್ ಆ್ಯಂಡಿ ರೀಡ್, 2011ರಲ್ಲಿ ಜೇಸನ್‌ನ ಈಗಲ್ಸ್‌ಗೆ ತಗೊಂಡಾಗ ಅಲ್ಲಿ ಹೆಡ್ ಕೋಚ್ ಆಗಿದ್ದವರು ಅವರೇ.

## ಕೆರಿಯರ್ ಶುರು ಆಗೋದು ಹೇಗೆ

ದಪ್ಪ ಇದ್ರೆ ಸಾಕಲ್ವಾ, ತಳ್ಳಾಟ ತಾನೇ?

ಇದನ್ನ ಕೇಳಿದ್ರೆ ನಂಗೆ ಸಂಕಟ ಆಗುತ್ತೆ. ಕಬಡ್ಡಿ ಆಡಿದೋರಿಗೆ ಗೊತ್ತಿರುತ್ತೆ, ಬರೀ ಮೈಬಲ ಇರೋನು ರೈಡರ್‌ನ ಹಿಡಿಯೋಕೆ ಆಗಲ್ಲ, ಕಾಲು ಎಲ್ಲಿಡ್ಬೇಕು ಯಾವಾಗ ಬಗ್ಬೇಕು ಅನ್ನೋದೇ ಆಟ. ಇಲ್ಲೂ ಅಷ್ಟೇ. ಕೆಲ್ಸಿ 6 ಅಡಿ 3 ಇಂಚು, ತೂಕ ಸುಮಾರು 134 ಕೆಜಿ, ಈ ಜಾಗಕ್ಕೆ ಅದು ಸಣ್ಣ ಮೈ. ಕಾಲೇಜು ಮುಗ್ಸಿ ಎನ್‌ಎಫ್‌ಎಲ್ (ಈಗಲ್ಸ್ ಆಡೋ ಲೀಗ್) ಟೆಸ್ಟಿಗೆ ಬಂದಾಗ 127 ಕೆಜಿ ಅಷ್ಟೇ ಇದ್ರು, ಆದ್ರೆ 40 ಯಾರ್ಡ್‌ನ 4.89 ಸೆಕೆಂಡಲ್ಲಿ ಓಡಿದ್ರು, ಆ ವರ್ಷ ಬಂದಿದ್ದ ಲೈನ್‌ಮನ್‌ಗಳಲ್ಲೇ ಫಾಸ್ಟ್. ಎದುರಿನವನಿಗಿಂತ ಕೆಳಗೆ ಹೋಗೋದು, ಅವನ ಎದೆ ಮಧ್ಯಕ್ಕೆ ಮೊದಲು ಕೈ ಹಾಕೋದು, ಹೆಜ್ಜೆ ಕಿತ್ತಿಟ್ಟು ಓಡದೆ ನೆಲಕ್ಕೆ ಅಂಟಿದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡೋದು, ಇದನ್ನ ವರ್ಷಗಟ್ಟಲೆ ಕಲೀತಾರೆ. ಕೈ ಸ್ವಲ್ಪ ಹೊರಗೆ ಹೋಗಿ ಜರ್ಸಿ ಎಳೆದ್ರೆ ಹೋಲ್ಡಿಂಗ್, ತಂಡ ಹತ್ತು ಯಾರ್ಡ್ ಹಿಂದೆ. ಸ್ನ್ಯಾಪ್‌ಗಿಂತ ಮೊದಲು ಒಂಚೂರು ಅಲುಗಾಡಿದ್ರೂ ಐದು ಯಾರ್ಡ್ ಹೋಯ್ತು.

ಚಿಕ್ಕವರಿದ್ದಾಗಿಂದ್ಲೇ ಅವರು ಲೈನ್‌ಮನ್ನಾ?

ಇಲ್ಲ, ಅದೇ ಚೆನ್ನಾಗಿರೋ ವಿಷ್ಯ. ಹೈಸ್ಕೂಲಲ್ಲಿ ಕೆಲ್ಸಿ ರನ್ನಿಂಗ್ ಬ್ಯಾಕ್ (ಬಾಲ್ ಎತ್ಕೊಂಡು ಓಡೋನು) ಮತ್ತೆ ಲೈನ್‌ಬ್ಯಾಕರ್ (ಓಡೋನನ್ನ ಹಿಡಿಯೋ ಡಿಫೆನ್ಸ್ ಆಟಗಾರ). ಸಿನ್ಸಿನಾಟಿಗೆ ಹೋಗಿದ್ದು ವಾಕ್-ಆನ್ ಆಗಿ, ಅಂದ್ರೆ ಸ್ಕಾಲರ್‌ಶಿಪ್ ಇಲ್ಲದೆ, ನಂಗೂ ಒಂದು ಚಾನ್ಸ್ ಕೊಡಿ ಅಂತ ಹೋಗಿ ಸೇರ್ಕೊಳ್ಳೋದು. ಅಲ್ಲಿ ಓಡೋನಿಗೆ ಮುಂದೆ ದಾರಿ ಮಾಡ್ಕೊಡೋ ಫುಲ್‌ಬ್ಯಾಕ್ ಮಾಡಿದ್ರು, ಆಮೇಲೆ ಲೈನ್‌ಗೆ ಹಾಕಿದ್ರು, ತೂಕ ಏರ್ಸಿದ್ರು, ಲೆಫ್ಟ್ ಗಾರ್ಡ್ ಆಡ್ಸಿದ್ರು, ಸೆಂಟರ್ ಆಗಿದ್ದು ಕಾಲೇಜಿನ ಕೊನೇ ವರ್ಷ. ಓಡೋನಾಗಿ, ಓಡೋನನ್ನ ಹಿಡಿಯೋನಾಗಿ ಎರಡೂ ಆಡಿದ್ರಿಂದ ಎದುರಿನವನು ಏನ್ ಯೋಚ್ನೆ ಮಾಡ್ತಿದಾನೆ ಅಂತ ಅವರಿಗೆ ಬೇಗ ಹೊಳೀತಿತ್ತು ಅಂತ ನಂಗನ್ಸುತ್ತೆ.

ಡ್ರಾಫ್ಟ್ ಅಂದ್ರೆ ಐಪಿಎಲ್ ಹರಾಜಿನ ತರಾನಾ?

ದುಡ್ಡು ಕೂಗೋದು ಇಲ್ಲಿಲ್ಲ, ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರ್ಸ್ಕೊಳ್ತಾವೆ. 32 ತಂಡ, ಏಳು ರೌಂಡ್, ಹಿಂದಿನ ವರ್ಷ ಕೆಳಗಿದ್ದ ತಂಡಕ್ಕೆ ಮೊದಲ ಆಯ್ಕೆ. ಹೈಸ್ಕೂಲ್ ಮುಗ್ದು ಮೂರು ವರ್ಷ ಆಗಿರ್ಬೇಕು, ಅಂದ್ರೆ ಕಾಲೇಜ್ ಆಟಾನೇ ದಾರಿ. ಕೆಲ್ಸಿನ ಈಗಲ್ಸ್ ಆರನೇ ರೌಂಡಲ್ಲಿ, 191ನೇ ನಂಬರ್‌ಗೆ ತಗೊಂಡ್ರು. ಅಷ್ಟು ಕೆಳಗೆ ಬಂದೋರು ಎಷ್ಟೋ ಜನ ಆಗಸ್ಟ್ ಕಳೆಯೋದ್ರೊಳಗೆ ಮನೆಗೆ ಹೋಗಿರ್ತಾರೆ, ಯಾಕಂದ್ರೆ ಕೊನೆಗೆ ತಂಡದಲ್ಲಿ ಉಳಿಯೋದು 53 ಜನ. ಅದೂ 2011ರಲ್ಲಿ ಮಾಲೀಕರಿಗೂ ಆಟಗಾರರಿಗೂ ಒಪ್ಪಂದದ ಜಗಳ ಆಗಿ ಲಾಕೌಟ್ ಇತ್ತು, ಬೇಸಿಗೆ ಪ್ರಾಕ್ಟೀಸೇ ಇರ್ಲಿಲ್ಲ. ಆದ್ರೂ ಆಗ ಲೈನ್ ಕೋಚ್ ಆಗಿದ್ದ ಹೋವರ್ಡ್ ಮಡ್‌ಗೆ ಸಣ್ಣ ಮೈಯ ಚುರುಕು ಹುಡುಗ್ರು ಇಷ್ಟ, ಕೆಲ್ಸಿ ಮೊದಲ ವರ್ಷವೇ 16ಕ್ಕೆ 16 ಮ್ಯಾಚೂ ಸ್ಟಾರ್ಟ್ ಮಾಡಿದ್ರು.

ನಮ್ಮ ಹುಡುಗ ಇಲ್ಲಿ ಹೈಸ್ಕೂಲಲ್ಲಿ ಲೈನ್ ಆಡ್ತೀನಿ ಅಂತಾನೆ, ನಮ್ಮೋರು ಯಾರಾದ್ರೂ ಎನ್‌ಎಫ್‌ಎಲ್‌ವರೆಗೆ ಹೋಗಿದ್ದಾರಾ?

ಫಿಜಿಯಲ್ಲಿ ಹುಟ್ಟಿದ ಭಾರತ ಮೂಲದ ಬಾಬಿ ಸಿಂಗ್ ಅಂತ ಒಬ್ರು ಗಾರ್ಡ್, ಸೇಂಟ್ ಲೂಯಿಸ್ ರಾಮ್ಸ್ ತಂಡದಲ್ಲಿದ್ರು, ಆಮೇಲೆ ಕೆನಡಾ ಲೀಗಲ್ಲಿ ಬಿಸಿ ಲಯನ್ಸ್‌ಗೆ ಆಡಿದ್ರು. ದಾರಿ ಇಲ್ಲ ಅಂತಲ್ಲ. ಜೋರ್ಡನ್ ಮೈಲಾಟಾ ಕಥೆ ಹುಡುಗನಿಗೆ ಹೇಳಿ: ಸಿಡ್ನಿಲಿ ಬೆಳೆದ ಸಮೋವಾ ಮೂಲದ ಹುಡುಗ, ಆಡ್ತಿದ್ದಿದ್ದು ರಗ್ಬಿ ಲೀಗ್, ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಒಂದೂ ಆಡದೇನೇ 2018ರಲ್ಲಿ ಏಳನೇ ರೌಂಡಲ್ಲಿ ಈಗಲ್ಸ್‌ಗೆ ಬಂದ್ರು. 6 ಅಡಿ 8 ಇಂಚು, 165 ಕೆಜಿ ಆಸುಪಾಸು. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ಹತ್ರ ಎರಡು ವರ್ಷ ನಿಲ್ಲೋದು ಹೆಂಗೆ ಅನ್ನೋದ್ರಿಂದ ಕಲ್ತು 2020ರಲ್ಲಿ ಲೆಫ್ಟ್ ಟ್ಯಾಕಲ್ ಆದ್ರು. ಅಪ್ಪ ಅಮ್ಮಂದಿರಿಗೆ ನಾನು ಹೇಳೋದಿಷ್ಟು, ಕೆಳಗೆ ತಲೆಪೆಟ್ಟಿನ ಪ್ರಶ್ನೆ ಇದೆಯಲ್ಲ, ಅದನ್ನ ಓದಿ, ಸ್ಕೂಲ್ ಕೋಚ್ ಹತ್ರ ಕೂತು ಮಾತಾಡಿ, ಆಮೇಲೆ ತೀರ್ಮಾನ ತಗೊಳ್ಳಿ.

## ದುಡ್ಡು, ಊಟ, ಪೆಟ್ಟು

ಸಂಬಳ ಎಷ್ಟಿರುತ್ತೆ ಹೇಳಿ, ಎಲ್ರೂ ಕೋಟ್ಯಧಿಪತಿಗಳೇನಾ?

2024ರಲ್ಲಿ ಹೊಸಬರಿಗೆ ಕನಿಷ್ಠ ವರ್ಷಕ್ಕೆ 7,95,000 ಡಾಲರ್. ಕೆಲ್ಸಿ ಕೊನೇ ವರ್ಷದ ಕಾಂಟ್ರಾಕ್ಟು 1.425 ಕೋಟಿ ಡಾಲರ್. ಟ್ಯಾಕಲ್‌ಗಳಿಗೆ ಇನ್ನೂ ಜಾಸ್ತಿ, ಡೆಟ್ರಾಯ್ಟ್ ಲಯನ್ಸ್‌ನ ಪೆನೇ ಸೂಯೆಲ್ 2024ರಲ್ಲಿ ನಾಲ್ಕು ವರ್ಷಕ್ಕೆ 11.2 ಕೋಟಿ ಡಾಲರ್‌ಗೆ ಸೈನ್ ಮಾಡಿದ್ರು. ಆದ್ರೆ ಪೇಪರಲ್ಲಿ ಬರೋ ದೊಡ್ಡ ನಂಬರೆಲ್ಲ ಕೈಗೆ ಸಿಗುತ್ತೆ ಅಂತಿಲ್ಲ, ಗ್ಯಾರಂಟಿ ಅಂತ ಬರ್ದಿರೋ ಭಾಗ ಮಾತ್ರ ಗಟ್ಟಿ, ಮಿಕ್ಕಿದ್ದು ತಂಡ ತೆಗೆದು ಹಾಕಿದ್ರೆ ಹೋಯ್ತು. ಪೆನ್ಶನ್‌ಗೆ ಮೂರು ಸೀಸನ್ ಲೆಕ್ಕಕ್ಕೆ ಬರ್ಬೇಕು. ಎರಡು ವರ್ಷ ಬೆಂಚಲ್ಲಿ ಕೂತು ಮೂರನೇ ವರ್ಷ ಮಂಡಿ ನೋವಿಗೆ ಹೊರಗೆ ಬಂದ ಹುಡುಗ್ರನ್ನ ನೆನೆಸ್ಕೊಂಡ್ರೆ ಈ ಮೂರು ಅನ್ನೋ ನಂಬರ್ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ.

ಅಷ್ಟು ತೂಕ ಹೆಂಗೆ ಇಟ್ಕೊತಾರೆ, ಬಿಟ್ಟ ಮೇಲೆ ಏನಾಗುತ್ತೆ?

ತಿಂದು. ಹಸಿವಿಲ್ಲದಿದ್ರೂ ತಿಂದು. ಅದೂ ಡ್ಯೂಟಿನೇ. ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಲೆಫ್ಟ್ ಟ್ಯಾಕಲ್ ಜೋ ಥಾಮಸ್ ಆಟ ಬಿಟ್ಟ ಮೇಲೆ 20 ಕೆಜಿಗಿಂತ ಜಾಸ್ತಿ ಇಳ್ಸಿದ್ರು, ಫೋಟೋ ನೋಡಿದ್ರೆ ಬೇರೆ ಯಾರೋ ಅನ್ಸುತ್ತೆ. ಬೀಪಿ, ನಿದ್ದೇಲಿ ಉಸಿರುಕಟ್ಟೋದು, ಮಂಡಿ ಸವೆತ ಇದೆಲ್ಲ ಆ ತೂಕದ ಜೊತೆಗೇ ಬರುತ್ತೆ, ಅದಕ್ಕೆ ರಿಟೈರ್ ಆದೋರು ಮೊದಲು ಮಾಡೋ ಕೆಲ್ಸ ಇದೇ. ಕೆಲ್ಸಿಗೆ ಉಲ್ಟಾ ಕಷ್ಟ, ತೂಕ ನಿಲ್ತಾನೇ ಇರ್ಲಿಲ್ಲ.

ಮಂಡಿ ಲಿಗಮೆಂಟ್ ಹರಿದ್ರೆ ಅಲ್ಲಿಗೆ ಮುಗೀತಾ?

ಮೊದಲೆಲ್ಲ ಹಂಗೇ ಇತ್ತು, ಈಗ ಸರ್ಜರಿ ಮಾಡ್ಸಿ ಒಂಬತ್ತು ಹತ್ತು ತಿಂಗಳಲ್ಲಿ ವಾಪಸ್ ಬರ್ತಾರೆ. ಕೆಲ್ಸಿಗೆ 2012ರಲ್ಲಿ, ಎರಡನೇ ಸೀಸನ್‌ನ ಎರಡನೇ ಮ್ಯಾಚಲ್ಲೇ ಎಸಿಎಲ್ ಹರೀತು, ಇಡೀ ವರ್ಷ ಹೋಯ್ತು. 2014ರಲ್ಲಿ ಹರ್ನಿಯಾ ಸರ್ಜರಿ, ನಾಲ್ಕು ಮ್ಯಾಚ್ ತಪ್ತು. ಅಲ್ಲಿಂದ ಮುಂದೆ ರಿಟೈರ್ ಆಗೋವರೆಗೂ ರೆಗ್ಯುಲರ್ ಸೀಸನ್‌ನಲ್ಲಿ ಒಂದೂ ಮ್ಯಾಚ್ ತಪ್ಪಿಸ್ಲಿಲ್ಲ, ಸಾಲಾಗಿ 156 ಸ್ಟಾರ್ಟ್, ಅದು ಈಗಲ್ಸ್ ದಾಖಲೆ. ಮೊಣಕೈ, ಮೀನಖಂಡ, ಪಾದ ಎಲ್ಲ ನೋವಿಟ್ಕೊಂಡೇ ಆಡಿದ್ದು. ಇನ್ನು ಜೋ ಥಾಮಸ್ ಅವರದ್ದು ಮ್ಯಾಚ್ ಲೆಕ್ಕ ಅಲ್ಲ, ಸ್ನ್ಯಾಪ್ ಲೆಕ್ಕ. 2007ರಿಂದ 2017ರವರೆಗೆ ಒಂದೇ ಒಂದು ಸ್ನ್ಯಾಪ್ ಬಿಡದೆ ಸತತ 10,363. ಅಷ್ಟು ವರ್ಷದಲ್ಲಿ ಒಂದು ಪ್ಲೇಆಫ್ ಮ್ಯಾಚೂ ಆಡೋ ಭಾಗ್ಯ ಅವರಿಗೆ ಸಿಗ್ಲಿಲ್ಲ. ಆದ್ರೂ 2023ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರ್ಸಿದ್ರು.

ತಲೆಗೆ ಪೆಟ್ಟು ಬಿದ್ದು ಬುದ್ಧಿ ಮಂಕಾಗುತ್ತೆ ಅಂತಾರಲ್ಲ, ನಿಜಾನಾ?

ನಿಜ, ಮತ್ತೆ ಅದು ಹೊರಗೆ ಬಂದಿದ್ದೇ ಒಬ್ಬ ಸೆಂಟರ್‌ನಿಂದ. ಮೈಕ್ ವೆಬ್‌ಸ್ಟರ್, ಪಿಟ್ಸ್‌ಬರ್ಗ್ ಸ್ಟೀಲರ್ಸ್, ನಾಲ್ಕು ಸೂಪರ್ ಬೌಲ್ ಗೆದ್ದೋರು, ಊರಿಗೆ ಊರೇ ಪೂಜೆ ಮಾಡ್ತಿದ್ದ ಆಟಗಾರ. ಆಟ ಬಿಟ್ಟ ಮೇಲೆ ನೆನಪು ಹೋಯ್ತು, ದುಡ್ಡು ಹೋಯ್ತು, ಸಂಸಾರ ಹೋಯ್ತು, ಎಷ್ಟೋ ರಾತ್ರಿ ಗಾಡಿಲೇ ಮಲಗ್ತಿದ್ರಂತೆ. 2002ರಲ್ಲಿ, 50ನೇ ವಯಸ್ಸಿಗೆ ತೀರ್ಕೊಂಡ್ರು. ನೈಜೀರಿಯಾದಿಂದ ಬಂದಿದ್ದ ಪೆಥಾಲಜಿ ಡಾಕ್ಟರ್ ಬೆನೆಟ್ ಒಮಾಲು ಅವರ ಮೆದುಳನ್ನ ಪರೀಕ್ಷೆ ಮಾಡಿ ತಲೆಗೆ ಪದೇ ಪದೇ ಪೆಟ್ಟು ಬಿದ್ದು ಬರೋ ಸಿಟಿಇ ಅನ್ನೋ ಮೆದುಳಿನ ಕಾಯಿಲೆ ಗುರುತಿಸಿದ್ರು, 2005ರಲ್ಲಿ ಅದು ಪ್ರಕಟ ಆಯ್ತು. ಲೀಗ್ ಒಪ್ಕೊಳ್ಳೋಕೆ ವರ್ಷಗಟ್ಟಲೆ ಹಿಡೀತು.

ಲೈನ್‌ಮನ್‌ಗೆ ಅಪಾಯ ಎಲ್ಲಿದೆ ಅಂದ್ರೆ, ಪ್ರಜ್ಞೆ ತಪ್ಪೋ ಅಷ್ಟು ದೊಡ್ಡ ಪೆಟ್ಟಿಗಿಂತ ಪ್ರತಿ ಸ್ನ್ಯಾಪ್‌ಗೂ ಬೀಳೋ ಸಣ್ಣ ಸಣ್ಣ ಗುದ್ದು, ಮ್ಯಾಚಿಗೆ ಅರವತ್ತು ಎಪ್ಪತ್ತು ಸಲ, ಅದರ ಮೇಲೆ ಪ್ರಾಕ್ಟೀಸ್. ಸಿಟಿಇ ಇದೆಯೋ ಇಲ್ವೋ ಅಂತ ಖಚಿತವಾಗಿ ಗೊತ್ತಾಗೋದು ಸತ್ತ ಮೇಲೆ ಮೆದುಳು ನೋಡಿದಾಗ್ಲೇ. ಈಗ ಪ್ರಾಕ್ಟೀಸಲ್ಲಿ ಗುದ್ದಾಡೋದನ್ನ ಕಮ್ಮಿ ಮಾಡಿದ್ದಾರೆ, ಮೈದಾನದ ಪಕ್ಕ ತಂಡಕ್ಕೆ ಸೇರದ ನರರೋಗದ ಡಾಕ್ಟರ್ ಇರ್ತಾರೆ. ಸಾಕಾ ಅಂತ ಕೇಳಿದ್ರೆ, ಸಾಕು ಅನ್ನೋಕೆ ನಂಗೆ ಬಾಯಿ ಬರಲ್ಲ. ಇಷ್ಟಪಟ್ಟು ನೋಡ್ತೀನಿ, ವೆಬ್‌ಸ್ಟರ್ ಹೆಸ್ರು ಮರೀಬಾರ್ದು ಅಂತಾನೂ ಅನ್ಕೊತೀನಿ.

## ಸ್ವಲ್ಪ ಒಳಗಿನ ವಿಷ್ಯ

ಅಷ್ಟು ಗಲಾಟೇಲಿ ಒಬ್ರ ಮಾತು ಒಬ್ರಿಗೆ ಕೇಳ್ಸಲ್ಲ, ಐದೂ ಜನ ಒಂದೇ ಸಲ ಹೆಂಗೆ ಎದ್ದೇಳ್ತಾರೆ?

ಸ್ವಂತ ಊರಲ್ಲಿ ಕ್ವಾರ್ಟರ್‌ಬ್ಯಾಕ್ ಕೂಗ್ತಾನೆ, ಜನ ಸುಮ್ನಿರ್ತಾರೆ. ಎದುರಾಳಿ ಊರಲ್ಲಿ ಎಪ್ಪತ್ತು ಸಾವಿರ ಜನ ಬೇಕಂತ್ಲೇ ಕಿರುಚ್ತಾರೆ. ಆಗ ಸೈಲೆಂಟ್ ಕೌಂಟ್. ಸೆಂಟರ್ ತಲೆ ಬಗ್ಗಿಸಿ ಕಾಲಿನ ಸಂದೀಲಿ ಹಿಂದೆ ಕ್ವಾರ್ಟರ್‌ಬ್ಯಾಕ್‌ನ ನೋಡ್ತಾನೆ, ಇಲ್ಲಾಂದ್ರೆ ಪಕ್ಕದ ಗಾರ್ಡ್ ಹಿಂದೆ ನೋಡಿ ಸನ್ನೆ ಬಂದಾಗ ಸೆಂಟರ್‌ನ ತಟ್ತಾನೆ. ಸೆಂಟರ್ ತಲೆ ಎತ್ತಿ, ಮನಸ್ಸಲ್ಲೇ ಒಂದು ಎರಡು ಎಣಿಸಿ ಬಾಲ್ ಬಿಡ್ತಾನೆ, ಮಿಕ್ಕಿದೋರೂ ಅದೇ ಎಣಿಕೆ ಮನಸ್ಸಲ್ಲೇ ಮಾಡ್ತಿರ್ತಾರೆ. ಎದುರಿನವರಿಗೆ ಲೆಕ್ಕ ಸಿಕ್ಬಿಡುತ್ತೆ ಅಂತ ಎಣಿಕೆ ಬದ್ಲಾಯಿಸ್ತಾನೂ ಇರ್ಬೇಕು.

ಅದಕ್ಕೂ ಮೊದಲು ಇನ್ನೊಂದು ಕೆಲ್ಸ ಇದೆ. ಎದುರು ನಿಂತಿರೋ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬನನ್ನ ತೋರ್ಸಿ ಇವನೇ ಮೈಕ್ ಅಂತ ಸೆಂಟರ್ ಹೇಳ್ತಾನೆ, ಮೈಕ್ ಅಂದ್ರೆ ಮಧ್ಯದವನಿಗೆ ಇಟ್ಟಿರೋ ಹೆಸ್ರು. ಅವನನ್ನ ಗುರುತು ಇಟ್ಕೊಂಡು ಯಾರು ಯಾರನ್ನ ಹಿಡೀಬೇಕು ಅಂತ ಐದು ಜನರ ಲೆಕ್ಕ ಕೂತ್ಕೊಳ್ಳುತ್ತೆ. ಎರಡು ಆಟದ ಮಧ್ಯೆ ಗಡಿಯಾರ 40 ಸೆಕೆಂಡು, ಅದ್ರಲ್ಲಿ ಕೊನೇ ಹತ್ತು ಸೆಕೆಂಡಲ್ಲಿ ಇದೆಲ್ಲ ಆಗ್ಬೇಕು. ಕೆಲ್ಸಿ ಸೆಂಟರ್‌ಗಳಲ್ಲಿ ದೊಡ್ಡೋರು ಅನ್ನಿಸ್ಕೊಂಡಿದ್ದು ಅರ್ಧ ಓಟದಿಂದ, ಇನ್ನರ್ಧ ಇದ್ರಿಂದ.

ರನ್ ಇಲ್ಲ ವಿಕೆಟ್ ಇಲ್ಲ, ಒಬ್ಬ ಲೈನ್‌ಮನ್ ಚೆನ್ನಾಗಿ ಆಡ್ದ ಅಂತ ಹೆಂಗೆ ಗೊತ್ತಾಗುತ್ತೆ?

ಸೋಮವಾರ ತಂಡದೋರು ವೀಡಿಯೊ ಹಾಕ್ಕೊಂಡು ಕೂರ್ತಾರೆ, ಕೋಚ್ ಪ್ರತಿ ಸ್ನ್ಯಾಪ್‌ಗೂ ಮಾರ್ಕ್ಸ್ ಕೊಡ್ತಾರೆ. ಹೊರಗಿನವರಿಗೆ ಇರೋದು ತಪ್ಪಿನ ಲೆಕ್ಕ: ಎಷ್ಟು ಸ್ಯಾಕ್ (ಬಾಲ್ ಎಸೆಯೋ ಮೊದಲೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದು) ಬಿಟ್ಟ, ಎಷ್ಟು ಹೋಲ್ಡಿಂಗ್ ಆಯ್ತು. ಅರವತ್ತೈದು ಸ್ನ್ಯಾಪ್ ಸರಿಯಾಗಿ ಮಾಡಿ ಒಂದು ತಪ್ಪಿದ್ರೆ ಕಾಮೆಂಟೇಟರ್ ಬಾಯಲ್ಲಿ ಹೆಸ್ರು ಬರೋದು ಆ ಒಂದಕ್ಕೇ. ಇದಕ್ಕೇ ಸಹ ಆಟಗಾರರು, ಪತ್ರಕರ್ತರು ವೋಟ್ ಹಾಕಿ ಕೊಡೋ ಪ್ರೋ ಬೌಲ್, ಆಲ್-ಪ್ರೋ ಲೈನ್‌ಮನ್‌ಗಳಿಗೆ ಅಷ್ಟು ಮುಖ್ಯ.

2018ರ ಫೆಬ್ರವರಿ 4ಕ್ಕೆ ಮಿನಿಯಾಪೊಲಿಸ್‌ನಲ್ಲಿ ಈಗಲ್ಸ್ ಪೇಟ್ರಿಯಟ್ಸ್‌ನ 41-33ರಲ್ಲಿ ಸೋಲ್ಸಿ ಮೊದಲ ಸೂಪರ್ ಬೌಲ್ ಗೆದ್ರಲ್ಲ, ಅದ್ರಲ್ಲಿ ಫಿಲಿ ಸ್ಪೆಷಲ್ ಅನ್ನೋ ಆಟ ಎಲ್ರಿಗೂ ನೆನಪಿದೆ, ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ತಾವೇ ಕ್ಯಾಚ್ ಹಿಡ್ದಿದ್ದು. ಆ ಬಾಲ್ ಹೋಗಿದ್ದು ಹೆಂಗೆ? ಕೆಲ್ಸಿ ಫೋಲ್ಸ್‌ನ ಬಿಟ್ಟು ಪಕ್ಕದಲ್ಲಿದ್ದ ಕೋರಿ ಕ್ಲೆಮೆಂಟ್‌ಗೆ ನೇರ ಸ್ನ್ಯಾಪ್ ಕೊಟ್ರು, ಅಲ್ಲಿಂದ ಟ್ರೇ ಬರ್ಟನ್, ಅಲ್ಲಿಂದ ಫೋಲ್ಸ್. ಮತ್ತೆ ಆ ವಿಡಿಯೊ ಸಿಕ್ಕಿದ್ರೆ ಮೊದಲ ಅರ್ಧ ಸೆಕೆಂಡ್ ನೋಡಿ.

ಟಷ್ ಪುಶ್ ಅಂತ ಗಲಾಟೆ ಆಗ್ತಿತ್ತಲ್ಲ, ಅದು ಮೋಸಾನಾ?

ಮೋಸ ಅಲ್ಲ, ರೂಲ್ ಒಳಗೇ ಇರೋದು. ಒಂದು ಯಾರ್ಡ್ ಬೇಕಾದಾಗ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಸೆಂಟರ್ ಬೆನ್ನಿಗೇ ಅಂಟ್ಕೊಂಡು ನುಗ್ತಾರೆ, ಹಿಂದಿಂದ ಇಬ್ರು ತಳ್ತಾರೆ. 2022ರಿಂದ ಈಗಲ್ಸ್ ಇದನ್ನ ಕಲೆ ಮಾಡ್ಕೊಂಡ್ರು. ಎಲ್ರೂ ಹಿಂದೆ ತಳ್ಳೋರನ್ನ ನೋಡ್ತಾರೆ, ಎಲ್ಲಕ್ಕಿಂತ ಕೆಳಗೆ ಹುಲ್ಲಿಗೆ ಮುಖ ಒತ್ಕೊಂಡು ಎರಡೂ ಕಡೆಯ ಭಾರ ಹೊತ್ಕೊಂಡು ಬಿದ್ದಿರ್ತಿದ್ದದ್ದು ಕೆಲ್ಸಿ. ಮೈಗೆ ಅದೆಷ್ಟು ಕಷ್ಟ ಅಂತ ಅವರೇ ಹೇಳಿದ್ದಾರೆ. 2025ರ ಮೇನಲ್ಲಿ ಬ್ಯಾನ್ ಮಾಡೋಣ ಅಂತ ಗ್ರೀನ್ ಬೇ ತಂಡ ತಂದ ಪ್ರಸ್ತಾಪಕ್ಕೆ 22 ವೋಟ್ ಬಂತು, ಬೇಕಿದ್ದಿದ್ದು 24.

ಇನ್ನೂ ಆಲ್-ಪ್ರೋ ಆಗಿರೋವಾಗ್ಲೇ ಕೆಲ್ಸಿ ಯಾಕೆ ಬಿಟ್ರು?

36 ವರ್ಷ, ಸೆಂಟರ್‌ಗೆ ಅದು ಮುಪ್ಪು. ಕೊನೇ ಎರಡು ಮೂರು ವರ್ಷ ಪ್ರತಿ ಸೀಸನ್ ಮುಗ್ದಾಗ್ಲೂ ಬಿಡ್ಲಾ ಬೇಡ್ವಾ ಅಂತ ಯೋಚ್ನೆ ಮಾಡ್ತಾನೇ ಇದ್ರು. ಕೊನೇ ಮ್ಯಾಚ್ 2024ರ ಜನವರಿ 15, ಟ್ಯಾಂಪಾ ಬೇ ವಿರುದ್ಧ 32-9ರ ಸೋಲು. ಮಾರ್ಚ್ 4ಕ್ಕೆ ಪ್ರೆಸ್ ಮುಂದೆ ಬಂದ್ರು, ಕೋಟು ಟೈ ಏನಿಲ್ಲ, ತೋಳು ಕತ್ತರಿಸಿದ ಈಗಲ್ಸ್ ಟೀ ಶರ್ಟು. ಬಾಯಿ ತೆಗೆಯೋಕೆ ಮೊದಲೇ ಅತ್ರು. ನಲ್ವತ್ತು ನಿಮಿಷದ ಹತ್ರ ಓದಿದ್ರು, ಅಪ್ಪ ಅಮ್ಮ, ಕೈಲಿ ಅನ್ನೋ ಹೆಸ್ರಿನ ಹೆಂಡ್ತಿ, ಕೋಚ್ ಸ್ಟೌಟ್‌ಲ್ಯಾಂಡ್, ಒಬ್ಬೊಬ್ರ ಹೆಸ್ರೂ. ಮುಂದೆ ಕೂತಿದ್ದ ಟ್ರಾವಿಸ್ ಕಪ್ಪು ಕನ್ನಡಕದ ಕೆಳಗೆ ಕಣ್ಣು ಒರೆಸ್ಕೊತಿದ್ರು. 2018ರ ವಿಜಯ ಮೆರವಣಿಗೇಲಿ ಇದೇ ಮನುಷ್ಯ ಮಮ್ಮರ್ಸ್ ವೇಷ ಹಾಕ್ಕೊಂಡು, ಹಸಿದ ನಾಯಿ ಜೋರಾಗಿ ಓಡುತ್ತೆ ಅಂತ ಸ್ಟೌಟ್‌ಲ್ಯಾಂಡ್ ಹೇಳ್ತಿದ್ದ ಮಾತನ್ನ ಆರ್ಟ್ ಮ್ಯೂಸಿಯಂ ಮೆಟ್ಟಿಲ ಮೇಲೆ ನಿಂತು ಕೂಗಿದ್ರು. ಮಮ್ಮರ್ಸ್ ಅಂದ್ರೆ ಹೊಸ ವರ್ಷದ ದಿನ ಫಿಲಡೆಲ್ಫಿಯಾ ಬೀದೀಲಿ ಝಗಮಗ ಬಟ್ಟೆ ಹಾಕಿ ಕುಣಿಯೋ ಊರ ಜನ, ಆ ವೇಷದಲ್ಲಿ ಅವರನ್ನ ನೋಡಿದ ಮೇಲೆ ಈ ಊರು ಅವರನ್ನ ಮನೆ ಮಗ ಅಂತಾನೇ ಅನ್ಕೊಂಡ್ಬಿಡ್ತು.

ಹಾಲ್ ಆಫ್ ಫೇಮ್‌ಗೆ ಐದು ಸೀಸನ್ ಕಾಯ್ಬೇಕು, ಅವರ ಸರದಿ 2029ಕ್ಕೆ.

ಅವರು ಹೋದ್ಮೇಲೆ ಲೈನ್ ಏನಾಯ್ತು?

ಕೆಲ್ಸಿ ಜಾಗಕ್ಕೆ ಬಂದಿದ್ದು ಕ್ಯಾಮ್ ಜರ್ಗೆನ್ಸ್. 2022ರ ಡ್ರಾಫ್ಟ್‌ಗಿಂತ ಮೊದಲು ತಂಡದೋರು ಸೆಂಟರ್‌ಗಳ ವೀಡಿಯೊ ಕೊಟ್ಟಾಗ ಈ ಹುಡುಗನ್ನ ಮೆಚ್ಚಿದ್ದು ಸ್ವತಃ ಕೆಲ್ಸಿ, ತನ್ನ ಜಾಗಕ್ಕೇ ಬರೋ ಹುಡುಗ ಅಂತ ಗೊತ್ತಿದ್ದೂ. 2024ರಲ್ಲಿ ಈ ಲೈನ್ ಹಿಂದೆ ಓಡಿದ ಸೇಕ್ವಾನ್ ಬಾರ್ಕ್ಲಿ 2,005 ಯಾರ್ಡ್ ಮಾಡಿದ್ರು. ಸೂಪರ್ ಬೌಲ್‌ಗೆ ಹೋಗೋ ಮುಂಚಿನ ಮ್ಯಾಚಲ್ಲಿ ಜರ್ಗೆನ್ಸ್‌ಗೆ ಬೆನ್ನು ನೋವು, ಶುರುವಲ್ಲಿ ಆಡ್ಲಿಲ್ಲ, ಗಾರ್ಡ್ ಆಗಿದ್ದ ಲ್ಯಾಂಡನ್ ಡಿಕರ್ಸನ್‌ನ ಸೆಂಟರ್‌ಗೆ ನಿಲ್ಸಿದ್ರು, ಅರ್ಧಕ್ಕೆ ಡಿಕರ್ಸನ್ ಮಂಡಿನೂ ಕೈಕೊಡ್ತು. ಆಗ ಜರ್ಗೆನ್ಸ್ ಅದೇ ಬೆನ್ನಿಟ್ಕೊಂಡು ಹೆಲ್ಮೆಟ್ ಹಾಕ್ಕೊಂಡು ಬಂದು ಬಾಲ್ ಮೇಲೆ ಬಗ್ಗಿದ್ರು. ಎರಡು ವಾರ ಆದ್ಮೇಲೆ, 2025ರ ಫೆಬ್ರವರಿ 9ಕ್ಕೆ, ಈಗಲ್ಸ್ ಚೀಫ್ಸ್‌ನ 40-22ರಲ್ಲಿ ಸೋಲ್ಸಿದಾಗ್ಲೂ ಸೆಂಟರ್ ಅವರೇ.